ಗೊತ್ತಿಲ್ಲದಂಗೆ ಕುಂತ್ಕಳ್ರಿ

ಮದುವೆ ಮನೆಯಲ್ಲಿ ಎಡವಟ್ಟು ಆಗುವುದು ಹೊಸದೇನಲ್ಲ. ಆದರೆ ಅವೆಲ್ಲ ಮುಹೂರ್ತ ನೋಡಿಕೊಂಡು, ಸರಿಯಾಗಿ ನನ್ನ ಕ್ಯಾಮೆರಾ ಎದುರಿಗೇ ಬಂದು ಆಗುತ್ತವಲ್ಲ, ಅದು ಯಾರ ಹರಕೆಯೋ ನನಗೆ ಇವತ್ತಿನವರೆಗೂ ತಿಳಿದಿಲ್ಲ.

ಇಪ್ಪತ್ತು ವರ್ಷಗಳಿಂದ ಚಿತ್ರದುರ್ಗದಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಈ ಕಡೆ ಹಿರಿಯೂರು, ಆ ಕಡೆ ಹೊಸದುರ್ಗ, ಹೊಳಲ್ಕೆರೆ, ಯಾವ ಕಲ್ಯಾಣ ಮಂಟಪದಲ್ಲಿ ಪ್ಲಗ್ ಎಲ್ಲಿದೆ, ಯಾವುದರಲ್ಲಿ ಫ್ಯಾನು ಹಾಕಿದರೆ ಮೈಕ್ ಕುಯ್‌ಗುಟ್ಟುತ್ತದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಕೆಲಸದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. ಇಲ್ಲ ಅಂತ ಹೇಳಿದರೆ ನನ್ನ ಹೆಂಡತಿ ನಗುತ್ತಾಳೆ.

ನಮ್ಮದು ಗಂಡ ಹೆಂಡತಿ ಇಬ್ಬರ ಕೆಲಸ. ವೇದಿಕೆ ಮೇಲಿನದು ನನ್ನದು. ಸಾಲಾಗಿ ನಿಲ್ಲಿಸು, ಗಿಡ್ಡಗಿರುವವರನ್ನು ಮುಂದೆ ತಾ, ಗದ್ದ ಎತ್ತಿಸು, ಕ್ಲಿಕ್ಕಿಸು. ಉಳಿದದ್ದು ಅವಳದು. ಉದ್ದನೆಯ ಲೆನ್ಸ್ ಹಿಡಿದು ಚಪ್ಪರದ ಕಂಬದ ಹಿಂದೆ, ಅಡುಗೆ ಮನೆಯ ಬಾಗಿಲಲ್ಲಿ ಸುಳಿದಾಡಿ, ಯಾರಿಗೂ ತಿಳಿಯದ ಹಾಗೆ ಅವರವರ ನಗು, ಅಳು, ಆಕಳಿಕೆಗಳನ್ನೆಲ್ಲ ಹಿಡಿದು ತರುತ್ತಾಳೆ. ಮದುವೆಗೆ ಹದಿನೈದು ದಿನ ಮುಂಚೆ ಮನೆಯವರು ಫೋಟೋಗಳ ಪಟ್ಟಿ ಹಿಡಿದು ಬಂದಾಗ ನಾನು ತಪ್ಪದೆ ಒಂದು ಪ್ರಶ್ನೆ ಕೇಳುತ್ತೇನೆ: "ಅವತ್ತು ತಪ್ಪಿಹೋದರೆ ಮತ್ತೆ ಯಾವತ್ತೂ ಸಿಗದಂಥ ಫೋಟೋ ಯಾವುದು?" ಉಳಿದ ನೂರು ಫೋಟೋ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಆ ಒಂದು ತಪ್ಪಿದರೆ ಆ ಮನೆಯವರ ಮುಖ ನೋಡುವುದಕ್ಕೆ ನಮಗೆ ಆಗುವುದಿಲ್ಲ. ನಗೆಪಾಟಲೆಲ್ಲ ಆಗುವುದು ಆ ಒಂದರ ಹಿಂದೆ ಬಿದ್ದಾಗಲೇ.

ಕ್ಯಾಂಡಿಡೇಟ್ ಫೋಟೋ

ಹೊಳಲ್ಕೆರೆ ಕಡೆಯ ಒಬ್ಬ ಯಜಮಾನರು ಮಗಳನ್ನು ಕರೆದುಕೊಂಡು ಸ್ಟುಡಿಯೋಗೆ ಬಂದರು. ಕುರ್ಚಿ ಎಳೆದು ಕೂತವರೇ, "ಏನ್ರೀ, ನಮ್ಮುಡುಗಿ ಕ್ಯಾಂಡಿಡೇಟ್ ಫೋಟೋ ಬೇಕು ಅಂತಾಳೆ. ಮದುವೆ ಮಾಡ್ಕಂತಾಳೋ, ಎಲೆಕ್ಷನ್ನಿಗೆ ನಿಂತ್ಕಂತಾಳೋ?" ಅಂದರು.

"ಕ್ಯಾಂಡಿಡೇಟ್ ಅಲ್ಲ ಯಜಮಾನ್ರೇ, ಕ್ಯಾಂಡಿಡ್. ಜನ ಅವರ ಪಾಡಿಗೆ ಅವರಿರ್ತಾರೆ. ನಾವು ಅವರಿಗೆ ಗೊತ್ತಿಲ್ಲದಂಗೆ ತೆಗೀತೀವಿ."

"ಗೊತ್ತಿಲ್ಲದಂಗಾ?" ಯಜಮಾನರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಹಂಗಾರೆ ಒಂದ್ ಕೆಲ್ಸ ಮಾಡ್ರಿ. ನಮ್ ಕಡೇರ್ದು ಗೊತ್ತಿದ್ದಂಗೆ ತೆಗೀರಿ. ಗಂಡಿನ ಕಡೇರ್ದು ಗೊತ್ತಿಲ್ಲದಂಗೆ ತೆಗೀರಿ. ಎಂಥಾ ಜನ ಅಂತ ನಮಗೂ ತಿಳೀಲಿ."

ಅವರು ಬಾಗಿಲಾಚೆ ಹೋದ ಮೇಲೆ ಮಗಳು ಹಿಂದಿರುಗಿ ಬಂದಳು. ನನ್ನ ಪ್ರಶ್ನೆಗೆ ಅಪ್ಪನ ಮುಂದೆ ಉತ್ತರ ಹೇಳಿರಲಿಲ್ಲ. "ಅಪ್ಪ ಕ್ಯಾಮೆರಾ ಕಂಡ್ರೆ ಕಂಬ ಆಗ್ಬಿಡ್ತಾರೆ ಸರ್. ಮನೇಲಿರಾ ಫೋಟೋದಾಗೆಲ್ಲ ಜಗಳಕ್ಕೆ ನಿಂತಂಗದಾರೆ. ಅವ್ರು ನಗಾದೊಂದು ತೆಗೆದ್ಕೊಡ್ರಿ, ಸಾಕು," ಅಂದಳು.

ಮದುವೆ ದಿನ ನನ್ನ ಹೆಂಡತಿ ಲೆನ್ಸ್ ಏರಿಸಿಕೊಂಡು ಮಂಟಪದೊಳಗೆ ಕಾಲಿಟ್ಟಳು. ಅಷ್ಟೇ. ಯಜಮಾನರು ಓಡಿಹೋಗಿ ಮೈಕ್ ಹಿಡಿದರು. "ಬಂಧುಗಳು ಕೇಳ್ಬೇಕು. ಕ್ಯಾಂಡಿಡೇಟ್ ಫೋಟೋ ತೆಗೆಯಾ ಅಮ್ಮೋರು ಬಂದವ್ರೆ. ಯಾರೂ ಅವ್ರನ್ನ ನೋಡಬಾರ್ದು. ಎಲ್ರೂ ಗೊತ್ತಿಲ್ಲದಂಗೆ ಕುಂತ್ಕಳ್ರಿ!"

ಮುನ್ನೂರು ಜನ ಮಾತು ನಿಲ್ಲಿಸಿ, ತೊಡೆ ಮೇಲೆ ಕೈಯಿಟ್ಟು, ಒಟ್ಟಿಗೇ ಸೂರು ನೋಡುತ್ತ ಕೂತುಬಿಟ್ಟರು. ಒಬ್ಬರೂ ಅಲುಗಾಡಲಿಲ್ಲ. ನಾನು ವೇದಿಕೆ ಮೇಲೆ ಗಂಟಲು ಹರಿದುಕೊಂಡರೂ ಆ ಶಿಸ್ತು ಯಾವತ್ತೂ ಬಂದದ್ದಿಲ್ಲ. ಹಸೆಮಣೆ ಮೇಲಿದ್ದ ಮದುಮಗಳು ಅದನ್ನು ನೋಡಿ ಬಾಸಿಂಗ ಹಿಡಿದುಕೊಂಡು ನಗತೊಡಗಿದಳು. ಯಜಮಾನರು ಗಾಬರಿಯಾಗಿ ಹತ್ತಿರ ಹೋಗಿ, "ಯಾಕವ್ವ, ಏನಾತು?" ಅಂತ ಕೇಳಿ, ಅವಳು ಬೆರಳು ತೋರಿಸಿದ ಕಡೆ ನೋಡಿ, ತಾವೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಹೆಂಡತಿ ಅದಕ್ಕೇ ಕಾಯುತ್ತಿದ್ದಳು.

ಆಲ್ಬಮ್ ಒಯ್ಯಲು ಬಂದ ಯಜಮಾನರು ಆ ಪುಟಕ್ಕೆ ಬಂದು ನಿಂತುಬಿಟ್ಟರು. "ಇದ್ಯಾವಾಗ ತೆಗೆದ್ರಿ?"

"ನಿಮಗೆ ಗೊತ್ತಿಲ್ಲದಂಗೆ ಯಜಮಾನ್ರೇ."

ಅವರ ಮುಖ ಸಣ್ಣದಾಯಿತು. "ಅಂದ್ರೆ ನನ್ನೂ ಗಂಡಿನ ಕಡೆಗೆ ಸೇರಿಸಿಬಿಟ್ರಾ?"

ಮುನಿಸಿಕೊಳ್ಳುವವರು ಯಾರು?

ಅನುಭವದಿಂದ ಕಲಿತದ್ದು ಇನ್ನೊಂದಿದೆ. ಗ್ರೂಪ್ ಫೋಟೋಗಳ ಪಟ್ಟಿ ಬರೆಯುವ ಮುಂಚೆಯೇ, "ನಿಮ್ಮ ಮನೇಲಿ ಮುನಿಸಿಕೊಳ್ಳೋರು ಯಾರು?" ಎಂದು ಕೇಳಿಬಿಡುತ್ತೇನೆ. ಬೇಜಾರು ಮಾಡಿಕೊಂಡವರು ಇದುವರೆಗೆ ಯಾರೂ ಇಲ್ಲ. ಚಿಕ್ಕಪ್ಪನೋ, ಹಿರಿಯಳಿಯನೋ, ಅತ್ತಿಗೆಯೋ, ಯಾರಾದರೊಬ್ಬರ ಹೆಸರು ಮೆಲ್ಲಗೆ ಬರುತ್ತದೆ. ಅವರನ್ನು ಮೊದಲನೇ ಸಾಲಿನ ನಡುವೆ ಕೂರಿಸಿದರೆ ಅರ್ಧ ಮದುವೆ ಮುಗಿದ ಹಾಗೆ.

ಹಿರಿಯೂರಿನ ಒಬ್ಬ ತಾಯಿ ಮಾತ್ರ, "ನಮ್ಮನೇಲಿ ಅಂಥೋರು ಯಾರೂ ಇಲ್ಲ ಕಣ್ರೀ," ಎಂದು ಖಡಾಖಂಡಿತವಾಗಿ ಹೇಳಿದರು. ಅವರ ಹಿಂದೆ ನಿಂತಿದ್ದ ಗಂಡ ಸದ್ದಿಲ್ಲದೆ ಹೆಂಡತಿಯ ತಲೆಯ ಮೇಲೆ ಬೆರಳು ತೋರಿಸಿ, ನಾನು ನೋಡಿದೆನೆಂದು ಖಾತ್ರಿಯಾದ ಮೇಲೆ ಕೈ ಇಳಿಸಿದರು.

ಆ ಮದುವೆಯಲ್ಲಿ ಮದುಮಗಳು ಕೇಳಿದ್ದ ಫೋಟೋ ಒಂದೇ. ಅವಳ ಅಮ್ಮ ಮತ್ತು ಅತ್ತೆ ಅಕ್ಕಪಕ್ಕ ನಿಂತಿರಬೇಕು, ಇಬ್ಬರ ಮುಖದಲ್ಲೂ ನಗುವಿರಬೇಕು. ಎಷ್ಟು ಎಚ್ಚರವಾಗಿದ್ದರೂ ವೇದಿಕೆ ಮೇಲೆ ಯಾರೋ ಎಳೆದು ತಂದು ನಿಲ್ಲಿಸಿದ ಗಲಾಟೆಯಲ್ಲಿ ಬೀಗಿತ್ತಿಯ ಫೋಟೋ ಮೊದಲು ಆಗಿಹೋಯಿತು. ತಿರುಗಿ ನೋಡಿದರೆ ಮದುಮಗಳ ತಾಯಿ ಇಲ್ಲ. ಸೀರೆ ಬದಲಿಸುವ ಕೋಣೆಯೊಳಗೆ ಹೋಗಿ ಕೂತಿದ್ದಾರೆ.

ನನ್ನ ಹೆಂಡತಿ ಒಳಗೆ ಹೋದಳು. ಹತ್ತು ನಿಮಿಷವಾಯಿತು. ಊಟದ ಎರಡನೇ ಪಂಕ್ತಿ ಎದ್ದಿತು. ಕೊನೆಗೆ ಬೀಗಿತ್ತಿಯೇ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಹೋದರು. "ಬರ್ರಿ ಅಕ್ಕ. ಎಲ್ರೂ ನಿಮ್ ಸೀರೆ ಕೇಳ್ತಾ ಅವ್ರೆ. ನನ್ ಸೀರೆ ಒಬ್ರೂ ಕೇಳ್ಲಿಲ್ಲ," ಅಂದರು. ಅಷ್ಟಕ್ಕೇ ಕೋಣೆಯಿಂದ ಇಬ್ಬರೂ ಕೈ ಹಿಡಿದುಕೊಂಡು ಬಂದರು. ನಾನು ಉಸಿರು ಬಿಡುವುದಕ್ಕೆ ಮೊದಲೇ ಫೋಟೋ ತೆಗೆದೆ. ಆ ಹೆಂಗಸಿನ ಜಾಣತನಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಆಲ್ಬಮ್ಮಿಗೆ ಫೋಟೋ ಆರಿಸಲು ಗಂಡ ಹೆಂಡತಿ ಬಂದರು. ಆ ತಾಯಿ ಕಂಪ್ಯೂಟರಿನ ಮೇಲೆ ಒಂದಕ್ಕೆ ಬೆರಳಿಟ್ಟರು. ಕಿಟಕಿ ಬೆಳಕಲ್ಲಿ ಒಬ್ಬರೇ ಕೂತು, ಹುಬ್ಬು ಗಂಟಿಕ್ಕಿ ಹೊರಗೆ ನೋಡುತ್ತಿರುವ ಫೋಟೋ. ಮುನಿಸಿನ ಹತ್ತು ನಿಮಿಷದಲ್ಲಿ ನನ್ನ ಹೆಂಡತಿ ಸುಮ್ಮನೆ ಕೂತಿರಲಿಲ್ಲ. "ಇದ್ನ ದೊಡ್ಡದು ಮಾಡ್ರಿ. ಎಷ್ಟು ಗಂಭೀರವಾಗಿ ಬಂದೀನಿ," ಅಂದರು.

ಗಂಡ ಬಗ್ಗಿ ನೋಡಿ ನನ್ನ ಕಿವಿಯಲ್ಲಿ ಹೇಳಿದರು: "ಮೂವತ್ತು ವರ್ಷದಿಂದ ದಿನಾ ಇದೇ ಮುಖ ನೋಡ್ತಿದೀನಿ ಸರ್. ಇದು ಗಂಭೀರ ಅಂತ ಇವತ್ತೇ ಗೊತ್ತಾಗಿದ್ದು."

ಎಲ್ಡು ಕಮ್ಮಿ

ಹೊಸದುರ್ಗದ ಹತ್ತಿರದ ಒಬ್ಬ ಹುಡುಗ. ಕುರಿ ಸಾಕುವ ಮನೆತನ, ಇವನು ಓದಿ ಸರ್ಕಾರಿ ಕಚೇರಿ ಸೇರಿದ್ದ. ಮದುವೆಗೆ ಮುಂಚಿನ ಫೋಟೋಗೆ ಕೋಟು, ಕಪ್ಪು ಕನ್ನಡಕ ಎಲ್ಲ ತಂದಿದ್ದ. ಅವನು ಮದುವೆಯಾಗುವ ಹುಡುಗಿಗೆ ಮಾತ್ರ ಬೇರೆ ಆಸೆ. "ನನಗೆ ಕೋಟೆ ಬ್ಯಾಡ, ಡ್ಯಾಮ್ ಬ್ಯಾಡ. ಇವ್ರ ಮನೆ ಕುರಿಗಳ ನಡುವೆ ನಿಂತ್ಕಂಡು ಒಂದು ಫೋಟೋ ಬೇಕು," ಅಂದಳು. ಮರುದಿನವೇ ಹಿಂಡು ಮೇವು ಹುಡುಕಿಕೊಂಡು ತಿಂಗಳುಗಟ್ಟಲೆ ಹೊರಡುವುದಿತ್ತು. ತೆಗೆದರೆ ಅವತ್ತೇ ತೆಗೆಯಬೇಕು.

ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ಗುಡ್ಡದ ಕೆಳಗೆ ಹಿಂಡು ತಂದು ನಿಲ್ಲಿಸಿದರು. ಕೋಟು ತೊಟ್ಟ ಹುಡುಗ ಹುಡುಗಿಯ ಜೊತೆ ನಡುವೆ ಹೋಗಿ ನಿಂತ. ಹುಟ್ಟಿದಾಗಿನಿಂದ ಅವನನ್ನು ನೋಡಿದ್ದ ಕುರಿಗಳು ಕಪ್ಪು ಕನ್ನಡಕ ಕಂಡದ್ದೇ ದಿಕ್ಕಾಪಾಲಾದವು. ಕನ್ನಡಕ ತೆಗೆಸಿದೆ. ಕುರಿ ಬಂದವು, ಆದರೆ ಎಲ್ಲವೂ ನನಗೆ ಬಾಲ ತೋರಿಸಿ ನಿಂತವು. ನಾನು ಬಿಡುವವನಲ್ಲ. ಜಾಗ ಬದಲಿಸಿದೆ, ಬಂಡೆ ಹತ್ತಿದೆ, ಕೆಳಗೆ ಮಲಗಿದೆ. ನಾನು ಎತ್ತ ಹೋದರೆ ಬಾಲಗಳೂ ಅತ್ತಲೇ ತಿರುಗಿದವು.

ಹುಡುಗನ ಅಪ್ಪ ಕಂಬಳಿ ಹೊದ್ದು ಅಷ್ಟು ಹೊತ್ತು ಸುಮ್ಮನೆ ನೋಡುತ್ತ ನಿಂತಿದ್ದವರು, "ಸರೀರಿ," ಅಂದು ನನ್ನ ಬೆನ್ನ ಹಿಂದೆ ಬಂದು ನಾಲಿಗೆ ಮಡಿಸಿ ಒಂದು ಕೂಗು ಹಾಕಿದರು. ಅಷ್ಟೂ ಕುರಿಗಳು ಒಟ್ಟಿಗೇ ತಲೆ ಎತ್ತಿ ಕ್ಯಾಮೆರಾ ನೋಡಿದವು. ಅಂಥ ಗ್ರೂಪ್ ಫೋಟೋ ನನ್ನ ಜೀವಮಾನದಲ್ಲಿ ತೆಗೆದಿಲ್ಲ. ಕಣ್ಣು ಮುಚ್ಚಿದ್ದವನು ಮದುಮಗ ಒಬ್ಬನೇ. ಇನ್ನೊಂದು ಕೂಗು ಹಾಕಿಸಿ ಅವನ ಕಣ್ಣನ್ನೂ ತೆರೆಸಿದೆ.

ಫೋಟೋ ಬಹಳ ಚೆನ್ನಾಗಿ ಬಂದಿತ್ತು. ಹುಡುಗಿ ಕುಣಿದಾಡಿದಳು. ನಾನು ಬೀಗುತ್ತ ಕ್ಯಾಮೆರಾವನ್ನು ಅಪ್ಪನ ಮುಂದೆ ಹಿಡಿದೆ. ಅವರು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಮಗ ಸೊಸೆಯನ್ನು ನೋಡಿ ಕಣ್ತುಂಬಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

"ಹೆಂಗೈತೆ ಗೌಡ್ರೇ?" ಅಂದೆ.

"ಎಲ್ಡು ಕಮ್ಮಿ ಅದಾವಲ್ಲಪ್ಪ," ಅಂದವರೇ ಕೋಲು ಹಿಡಿದು ಗುಡ್ಡದ ಹಿಂದಿನ ಅವರೆ ಹೊಲದ ಕಡೆಗೆ ಓಡಿದರು.

ಒಂದಕ್ಷರ ಬಿಡದಂಗೆ

ಹೊರಕೆರೆದೇವಪುರದ ಕಡೆ ಒಂದು ಮದುವೆ. ಮದುಮಗನಿಗೆ ಮಾತೆಂದರೆ ನಡುಕ. ಅವನ ತಾಯಿ ಬೆಳಗಿನಿಂದ, "ಪುರೋಹಿತರು ಏನು ಹೇಳಿಕೊಡ್ತಾರೋ ಅದ್ನ ಒಂದಕ್ಷರ ಬಿಡದಂಗೆ ಹೇಳ್ಬೇಕು ಲೇ," ಎಂದು ಹತ್ತು ಸಲ ಹೇಳಿದ್ದರು. ನಮಗೆ ಬೇಕಾಗಿದ್ದದ್ದು ತಾಳಿ ಕಟ್ಟುವ ಹೊತ್ತಿನಲ್ಲಿ ಮದುಮಕ್ಕಳ ನಗುಮುಖ. ಅವನ ಮುಖ ನೋಡಿದರೆ ಅದು ಆಗುವ ಮಾತಾಗಿರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಪುರೋಹಿತರ ದಯೆಯಿಂದ.

ಪುರೋಹಿತರು ಎರಡೆರಡು ಪದ ಹೇಳುತ್ತಾರೆ, ಇವನು ಕಣ್ಣು ಮುಚ್ಚಿ ಒಪ್ಪಿಸುತ್ತಾನೆ. ನಾನು ಒಳ್ಳೆ ಕೋನ ಹುಡುಕುತ್ತ ಹೋಮದ ಹತ್ತಿರ ಬಂದೆ. ಪುರೋಹಿತರು ರಾಗ ಬಿಡದೆ, "ಫೋಟೋದವರೇ ಪಕ್ಕಕ್ಕೆ ಸರೀರಿ," ಅಂದರು.

ಮದುಮಗ ಭಕ್ತಿಯಿಂದ, "ಫೋಟೋದವರೇ ಪಕ್ಕಕ್ಕೆ ಸರೀರಿ," ಅಂದ.

ಮದುಮಗಳ ಭುಜ ಅಲುಗಾಡಿತು. ಪುರೋಹಿತರು ತಡೆದು, "ಇದು ಮಂತ್ರ ಅಲ್ಲಪ್ಪ," ಅಂದರು.

"ಇದು ಮಂತ್ರ ಅಲ್ಲಪ್ಪ," ಅಂದ ಮದುಮಗ.

ಅಜ್ಜಿಯ ಗೋಡೆ

ಇಷ್ಟು ಹೇಳಿದ ಮೇಲೆ ನನ್ನ ಜಂಬ ಇಳಿಸಿದ ಅಜ್ಜಿಯ ವಿಷಯವನ್ನೂ ಹೇಳಬೇಕು.

ಮದಕರಿಪುರದ ಆಚೆಯ ಒಂದು ಹಳ್ಳಿ. ಮದುಮಗಳು ಶಾಲೆಯಲ್ಲಿ ಟೀಚರು. ಪಟ್ಟಿ ಬರೆಸಲು ಅವಳೊಬ್ಬಳೇ ಬಂದಿದ್ದಳು. ನನ್ನ ಪ್ರಶ್ನೆ ಕೇಳಿದೆ. "ಅಜ್ಜಿ ಜೊತೆ ನಂದೊಂದು ಫೋಟೋ," ಅಂದಳು. ಇಷ್ಟೇನಾ ಅಂತ ನಾನು ನಕ್ಕೆ. ಅವಳು ನಗಲಿಲ್ಲ.

"ನನಗೆ ಎರಡು ವರ್ಷ ಇದ್ದಾಗ ಅಮ್ಮ ಹೋದ್ರು ಸರ್. ಅಮ್ಮಂದು ಒಂದೂ ಫೋಟೋ ಇಲ್ಲ. ಮುಖ ಹೆಂಗಿತ್ತು ಅಂತ ನನಗೆ ಗೊತ್ತಿಲ್ಲ. ಅಮ್ಮಂದು ಅಜ್ಜಿ ಮುಖಾನೇ ಅಂತಾರೆ ಎಲ್ರೂ. ಸಾಕಿದ್ದು ಅಜ್ಜಿನೇ. ಆದ್ರೆ ಅಜ್ಜಿ ಯಾರಿಗೂ ಫೋಟೋ ತೆಗೆಯಾಕೆ ಬಿಡಲ್ಲ."

"ಆಧಾರ್ ಕಾರ್ಡಿನಲ್ಲಿ ಇರುತ್ತಲ್ಲಮ್ಮ?"

"ಅದು ತನ್ನ ಮುಖ ಅಂತ ಅಜ್ಜಿನೇ ಒಪ್ಪಲ್ಲ ಸರ್. ಸರ್ಕಾರದೋರು ಯಾರ್ದೋ ಹಾಕವ್ರೆ ಅಂತಾಳೆ."

ನಾನು ಕಾಲರ್ ಸರಿ ಮಾಡಿಕೊಂಡು, "ನೀನು ನಿಶ್ಚಿಂತೆಯಿಂದ ಮದುವೆ ಮಾಡ್ಕೋ ತಾಯಿ. ಸಂಜೆ ಒಳಗೆ ಅಜ್ಜಿ ಫೋಟೋ ನಂದು," ಅಂದೆ. ನನ್ನ ಹೆಂಡತಿ ನನ್ನ ಕಡೆ ಒಮ್ಮೆ ನೋಡಿ ಪಟ್ಟಿಯಲ್ಲಿ ಅದನ್ನು ಬರೆದುಕೊಂಡಳು.

ಮದುವೆ ಮನೆಗೆ ಹೋದ ಮೇಲೆ ಗುಟ್ಟು ತಿಳಿಯಿತು. ಅಜ್ಜಿಯ ಮನೆಯ ಪಡಸಾಲೆ ಗೋಡೆಯ ಮೇಲೆ ಮೂರು ಫೋಟೋ. ಒಂದು ಅಜ್ಜಿಯ ಗಂಡನದು, ಒಂದು ಅಕ್ಕನದು, ಒಂದು ಮೈದುನನದು. ಮೂರಕ್ಕೂ ಹಾರ. ಗಂಡ ಪೇಟೆಯಲ್ಲಿ ಫೋಟೋ ತೆಗೆಸಿಕೊಂಡು ಬಂದು ಮೂರು ತಿಂಗಳಲ್ಲಿ ಹೋದರಂತೆ. ಅಕ್ಕ ಯಾರದೋ ಮದುವೆಯಲ್ಲಿ ತೆಗೆಸಿಕೊಂಡು ಯುಗಾದಿ ಕಾಣಲಿಲ್ಲವಂತೆ. ಮೈದುನನದೂ ಅದೇ ಕಥೆ. ಅಜ್ಜಿಯ ಲೆಕ್ಕ ಸ್ಪಷ್ಟವಾಗಿತ್ತು. ಫೋಟೋ ತೆಗೆಸಿಕೊಂಡವರು ಗೋಡೆ ಹತ್ತುತ್ತಾರೆ.

ಬೆಳಿಗ್ಗೆ ಬಳೆ ಶಾಸ್ತ್ರದಿಂದ ನನ್ನ ಹೆಂಡತಿ ಬೆನ್ನು ಹತ್ತಿದಳು. ಬೇವಿನ ಮರದ ಹಿಂದಿನಿಂದ ಗುರಿ ಇಟ್ಟರೆ ಅಜ್ಜಿ ಸೆರಗು ಎಳೆದುಕೊಂಡಳು. ಕಿಟಕಿಯ ಸಂದಿಯಿಂದ ಇಟ್ಟರೆ ಕೈಲಿದ್ದ ಮೊರ ಮುಖಕ್ಕೆ ಹಿಡಿದಳು. ಧಾರೆಯ ಹೊತ್ತಿಗಾದರೂ ಮೈಮರೆಯುತ್ತಾಳೆ ಎಂದುಕೊಂಡೆವು. ಎಲ್ಲರೂ ಮದುಮಕ್ಕಳ ಕಡೆ ಅಕ್ಷತೆ ಎಸೆದರೆ ಅಜ್ಜಿ ಒಂದು ಹಿಡಿ ನಮ್ಮ ಲೆನ್ಸಿಗೆ ಎಸೆದಳು. ನಾನು ಗ್ರೂಪ್ ಫೋಟೋಗೆ ಕೈ ಹಿಡಿದು ಎಳೆತಂದು ನಿಲ್ಲಿಸಿದೆ. ಕ್ಲಿಕ್ಕಿಸುವ ಗಳಿಗೆಗೆ ಸರಿಯಾಗಿ ಕಾಲುಂಗುರ ಬಿತ್ತೆಂದು ಬಗ್ಗಿದಳು. ಮಧ್ಯಾಹ್ನ ಕೂತು ನೋಡಿದರೆ ಮೂವತ್ತೆರಡು ಫೋಟೋ ಇತ್ತು. ಮೊರ, ಸೆರಗು, ಅಂಗೈ, ಬೆನ್ನು, ತುರುಬು. ಅಜ್ಜಿಯೊಬ್ಬಳನ್ನು ಬಿಟ್ಟು ಅಜ್ಜಿಯ ಸುತ್ತಮುತ್ತಲಿನದೆಲ್ಲ ಬಂದಿತ್ತು.

ವೇದಿಕೆಯಿಂದ ಮದುಮಗಳು ನನ್ನ ಕಡೆ ನೋಡಿ ಹುಬ್ಬು ಏರಿಸಿ ಕೇಳಿದಳು. ನಾನು ತಲೆ ಅಲ್ಲಾಡಿಸಿದೆ. ಅವಳು ಹಾರ ಸರಿಮಾಡಿಕೊಂಡು ಎದುರಿಗೆ ತಿರುಗಿದಳು. ಸಂಜೆ ಐದಕ್ಕೆ ಹೆಣ್ಣು ಒಪ್ಪಿಸಿ ಕಳಿಸುವುದಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಊಟವಾದ ಮೇಲೆ ಅಜ್ಜಿ ಜಗುಲಿಯ ಕಂಬಕ್ಕೆ ಒರಗಿ ತೂಕಡಿಸಿದಳು. ಸೆರಗು ಜಾರಿತ್ತು. ಮುಖದ ಮೇಲೆ ಚಪ್ಪರದ ಗರಿಗಳ ಸಂದಿನಿಂದ ಬಿಸಿಲು ಬಿದ್ದಿತ್ತು. ನನ್ನ ಹೆಂಡತಿ ಕ್ಯಾಮೆರಾ ಎತ್ತಿದಳು. ಅವಳು ಕ್ಯಾಮೆರಾ ಇಳಿಸಿದಳು.

"ಯಾಕೆ?"

"ಬ್ಯಾಡ ರೀ. ಇಷ್ಟು ಬ್ಯಾಡ ಅಂದೋರ್ದು ನಿದ್ದೇಲಿ ತೆಗೆದ್ರೆ ಕಳ್ಳತನ ಆಗುತ್ತೆ. ಕಣ್ಣು ಬೇರೆ ಮುಚ್ಚೈತೆ, ನೋಡಿದೋರು ಸೀದಾ ಹಾರ ಹಾಕ್ತಾರೆ. ಹೋಗಿ ಎದುರಿಗೆ ಕೂತ್ಕಂಡು ಕೇಳ್ರಿ."

ಅವಳು ಹೇಳಿದ್ದು ಸರಿ. ನಾನು ಹೋಗಿ ಜಗುಲಿ ಮೇಲೆ ಕೂತೆ. ಅಜ್ಜಿ ಕಣ್ಣು ಬಿಟ್ಟವಳೇ ಸೆರಗಿಗೆ ಕೈ ಹಾಕಿದಳು. ನಾನು ಎರಡೂ ಬರಿಗೈ ತೋರಿಸಿದೆ. ಆಮೇಲೆ ಮೊಮ್ಮಗಳು ಹೇಳಿದ್ದನ್ನು ಹೇಳಿದೆ. ಅಮ್ಮನ ಮುಖ ಅವಳಿಗೆ ಗೊತ್ತಿಲ್ಲ, ಅಜ್ಜಿಯ ಮುಖದಲ್ಲಿ ಅದನ್ನು ನೋಡಿಕೊಳ್ಳುತ್ತಾಳೆ, ಇವತ್ತು ಗಂಡನ ಮನೆಗೆ ಹೋಗುವಾಗ ಅದೊಂದು ಜೊತೆಗಿರಲಿ ಅಂತ ಆಸೆ.

ಅಜ್ಜಿ ಸೆರಗಿನಿಂದ ಕೈ ತೆಗೆದಳು. "ನನಗೆ ಯಾಕೆ ಹೇಳ್ಲಿಲ್ಲ ಅವ್ಳು?" ಅಂದಳು. ಕಣ್ಣು ಒರೆಸಿಕೊಂಡಳು. "ಸಾಯಾಕೆ ನಂಗೇನು ಹೆದ್ರಿಕೆ ಇಲ್ಲ ಕಣಪ್ಪ. ನನ್ ವಾರಗೆಯೋರೆಲ್ಲ ಹೋದ್ರು. ಆದ್ರೆ ಈ ಕೂಸಿಗೆ ತಾಯಿ ಇಲ್ಲ. ನಾಳೆ ಬಸುರಿ ಆದ್ರೆ ಬಾಣಂತನ ಯಾರು ಮಾಡ್ತಾರೆ? ಅದ್ನ ಮಾಡಾವರ್ಗೂ ನಾನು ಗೋಡೆ ಹತ್ತಂಗಿಲ್ಲ."

"ಅಜ್ಜಿ, ಫೋಟೋ ತೆಗೆದ್ರೆ ಯಾರೂ ಸಾಯಲ್ಲ. ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ನನ್ನ ನೋಡು, ಏನಾಗೈತೆ?"

ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಿಂಗೆ ಏನಾಗ್ತೈತೆ? ನೀನು ಯಾವಾಗ್ಲೂ ಕ್ಯಾಮ್ರದ ಹಿಂದ್ಗಡೆ ಇರ್ತೀಯ."

ಇಪ್ಪತ್ತು ವರ್ಷದಲ್ಲಿ ಇಷ್ಟು ಮದುವೆ ಮಾಡಿದರೂ ಒಂದರಲ್ಲಿಯೂ ನನ್ನ ಫೋಟೋ ಇಲ್ಲ ಎಂಬುದು ಆಗಲೇ ನನಗೂ ಗೊತ್ತಾದದ್ದು.

ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು. "ಹಂಗಾರೆ ಬಾ. ನೀನೂ ನನ್ ಜೊತೆ ನಿಂತ್ಕ. ಹೋದ್ರೆ ಇಬ್ರೂ ಹೋಗಾಣ."

ನಾನು ವಿದ್ಯಾವಂತ, ಇಂಥದನ್ನೆಲ್ಲ ನಂಬುವವನಲ್ಲ. ಆದರೂ ಸುಳ್ಳು ಯಾಕೆ ಹೇಳಲಿ, ಒಂದು ಹೆಜ್ಜೆ ಹಿಂದೆ ಸರಿದೆ. ತಡೆಯುತ್ತಾಳೇನೋ ಎಂದು ಹೆಂಡತಿಯ ಕಡೆ ನೋಡಿದೆ. ಅವಳಾಗಲೇ ಫೋಕಸ್ ಮಾಡುತ್ತಿದ್ದಳು.

ಮದುಮಗಳನ್ನು ಕರೆದರು. ವಿಷಯ ತಿಳಿದು ಸೀರೆ ಎತ್ತಿ ಹಿಡಿದುಕೊಂಡು ಓಡಿ ಬಂದಳು. ಅವಳು ನಡುವೆ, ಆ ಕಡೆ ಅಜ್ಜಿ, ಈ ಕಡೆ ನಾನು. ಮದುಮಗ ಒಳ್ಳೆಯ ಹುಡುಗ, ಅವನೂ ಹುರುಪಿನಿಂದ ಬಂದು ನನ್ನ ಪಕ್ಕ ನಿಂತ. ಅಜ್ಜಿ ಬಗ್ಗಿ ಅವನನ್ನು ನೋಡಿ ಗದರಿಸಿದಳು. "ನೀನು ಬ್ಯಾಡಪ್ಪ, ಆಚೆ ಹೋಗು. ನೀನು ಬದುಕಿ ಬಾಳಬೇಕು." ಮೊಮ್ಮಗಳು ಯಾವ ಲೆಕ್ಕದಲ್ಲಿ ಪಾರಾದಳೋ ಅಜ್ಜಿಗೇ ಗೊತ್ತು.

ನಾಲ್ಕು ಊರಿನವರಿಗೆ "ಗದ್ದ ಎತ್ತಿ" ಎನ್ನುವ ನಾನು ಅವತ್ತು ಕೈ ಎಲ್ಲಿಡಬೇಕೆಂದು ತಿಳಿಯದೆ ಮರದ ತುಂಡಿನ ಹಾಗೆ ನಿಂತಿದ್ದೆ. ಅಜ್ಜಿ ಮಾತ್ರ ಸೆರಗು ಹಿಂದಕ್ಕೆ ಸರಿಸಿ, ಮೊಮ್ಮಗಳ ಕೆನ್ನೆಗೆ ಕೆನ್ನೆ ತಾಗಿಸಿ, ಲೆನ್ಸನ್ನು ನೇರವಾಗಿ ನೋಡಿದಳು. ಮದುಮಗಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಎರಡೂ ಮುಖ ಒಂದೇ ಅಚ್ಚು. ನನ್ನ ಹೆಂಡತಿ ಕಣ್ಣೊರೆಸಿಕೊಂಡು ಇನ್ನೊಂದು ತೆಗೆಯಲು ಹೋದಳು. "ಒಂದೇ ಸಾಕು," ಅಂದು ಅಜ್ಜಿ ಸೆರಗು ಎಳೆದುಕೊಂಡಳು.

ಆಲ್ಬಮ್ ಮಾಡುವಾಗ ಕಂಪ್ಯೂಟರಿನಲ್ಲಿ ನನ್ನನ್ನು ಕತ್ತರಿಸಿ ತೆಗೆಯಲು ಒಂದು ನಿಮಿಷ ಸಾಕಾಗಿತ್ತು. ಮದುಮಗಳು ಬೇಡವೆಂದಳು. "ಅಜ್ಜಿಗೆ ಗೊತ್ತಾದ್ರೆ ಒಬ್ಳನ್ನೇ ಕಳಿಸ್ತಾ ಅವ್ನೆ ಅಂತಾಳೆ ಸರ್." ಹಾಗಾಗಿ ಅವರ ಮನೆಯ ಗೋಡೆಯ ಮೇಲೆ ನಾನೂ ಇದ್ದೇನೆ, ಹಾರ ಇಲ್ಲದೆ.

ಅವತ್ತಿನಿಂದ ತಿಂಗಳಿಗೊಂದು ಸಲ ತಪ್ಪದೆ ಅಜ್ಜಿಯ ಫೋನು. ಪಕ್ಕದ ಮನೆಯವರ ಕೈಲಿ ನಂಬರು ಒತ್ತಿಸುತ್ತಾಳೆ. ಹೆಚ್ಚು ಮಾತಿಲ್ಲ. "ಹುಷಾರಿದೀಯೇನಪ್ಪ?"

"ಹುಷಾರಿದೀನಿ ಅಜ್ಜಿ."

"ಹಂಗಾರೆ ನಾನೂ ಅದೀನಿ ಬಿಡು," ಅಂದು ಇಟ್ಟುಬಿಡುತ್ತಾಳೆ.

ಹೋದ ವಾರ ಫೋನು ಬಂದಾಗ ನನಗೆ ಧೂಳಿಗೆ ನೆಗಡಿಯಾಗಿ ಕೆಮ್ಮು ಹತ್ತಿತ್ತು. ಹಲೋ ಅನ್ನುವುದಕ್ಕೆ ಮುಂಚೆಯೇ ಎರಡು ಸಲ ಕೆಮ್ಮಿದೆ. ಆ ಕಡೆ ಅಜ್ಜಿಯ ದನಿ ಏರಿಹೋಯಿತು.

"ಏನದು ಕೆಮ್ಮು? ಎಷ್ಟು ದಿನ ಆತು? ಡಾಕ್ಟ್ರಿಗೆ ತೋರ್ಸಿದೀಯಾ ಇಲ್ವಾ?"

"ಸಣ್ಣ ಕೆಮ್ಮು ಅಜ್ಜಿ, ಹೋಗುತ್ತೆ ಬಿಡು. ಮೊಮ್ಮಗಳು ಹೆಂಗಿದಾಳೆ?"

"ಅವ್ಳಿಗೆ ಐದ್ ತಿಂಗ್ಳು. ಅದಕ್ಕೇ ಹೇಳ್ತಿರಾದು. ಇವತ್ತೇ ಹೋಗಿ ಔಷಧಿ ತಗಾ. ಬಾಣಂತನ ಮುಗಿಯಾವರ್ಗೂ ನಿಂಗೇನೂ ಆಗಂಗಿಲ್ಲ. ಆಮೇಲೆ ನಿನ್ನಿಷ್ಟ."